ಎಳೆಯ ಮಕ್ಕಳ ನಿದ್ದೆಯೂ ಔಷಧದ ಮಿತಿಯೂ

ಐದು ವರ್ಷದೊಳಗಿನ ಮಕ್ಕಳ ನಿದ್ದೆಯ ಬಗ್ಗೆ ತಂದೆತಾಯಂದಿರು ವೈದ್ಯರ ಮುಂದೆ ಹೇಳಿಕೊಳ್ಳುವ ದೂರುಗಳನ್ನು ಒಟ್ಟಾಗಿ ನೋಡಿದರೆ, ಮಲಗುವ ಹೊತ್ತಾದರೂ ಮಗು ಹಾಸಿಗೆಗೆ ಬರಲು ಒಪ್ಪುವುದಿಲ್ಲ, ಮಲಗಿಸಿದರೂ ಗಂಟೆಗಟ್ಟಲೆ ನಿದ್ದೆ ಹತ್ತುವುದಿಲ್ಲ, ಹತ್ತಿದ ನಿದ್ದೆಯೂ ರಾತ್ರಿಯಲ್ಲಿ ಮೂರು ನಾಲ್ಕು ಸಲ ಮುರಿದು ಮಗು ಅಳುತ್ತ ಏಳುತ್ತದೆ ಎಂಬ ಮೂರು ಮಾತುಗಳಲ್ಲಿ ಅವುಗಳ ಬಹುಪಾಲು ಅಡಕವಾಗಿರುವುದು ಕಾಣುತ್ತದೆ. ದೂರು ಕೇಳಲು ಸಣ್ಣದಾದರೂ ಅದರ ಹಿಂದಿನ ಬಳಲಿಕೆ ಸಣ್ಣದಲ್ಲ. ಮಗು ಮಲಗದ ಮನೆಯಲ್ಲಿ ತಾಯಿಗೆ ನಿದ್ದೆಯಿಲ್ಲ, ಬೆಳಗ್ಗೆ ಕೆಲಸಕ್ಕೆ ಹೊರಡಬೇಕಾದ ತಂದೆಗೂ ನಿದ್ದೆಯಿಲ್ಲ, ನಿದ್ದೆಗೆಟ್ಟ ಮಗುವಂತೂ ಹಗಲೆಲ್ಲ ರಚ್ಚೆ ಹಿಡಿದು, ಊಟ ಬಿಟ್ಟು, ಸಂಜೆಯ ಹೊತ್ತಿಗೆ ಮತ್ತಷ್ಟು ಹಟಮಾರಿಯಾಗುತ್ತದೆ. ಇಂಥ ವಾರಗಳನ್ನು ಕಳೆದ ತಾಯಿ, ಮಗು ಮಲಗುವುದಕ್ಕೆ ಏನಾದರೂ ಸಿರಪ್ ಬರೆದುಕೊಡಿ ಎಂದು ಕೇಳಿದರೆ ಅದರಲ್ಲಿ ತಪ್ಪು ಹುಡುಕುವುದು ನ್ಯಾಯವಲ್ಲ. ಆದರೆ ಆ ಕೋರಿಕೆಗೆ ಸಲ್ಲಬೇಕಾದ ಉತ್ತರ ಔಷಧದ ಬಾಟಲಿಯಲ್ಲಿ ಸಿಗುವುದು ತೀರ ಅಪರೂಪವೆಂದು ಮಕ್ಕಳ ವೈದ್ಯಶಾಸ್ತ್ರ ಇಂದು ಸ್ಪಷ್ಟವಾಗಿ ಹೇಳುತ್ತದೆ. ಬಹುತೇಕ ಔಷಧಗಳು ಕೊಡಬಲ್ಲದ್ದು ಮಂಪರನ್ನು. ಮಗುವಿಗೆ ಬೇಕಾಗಿರುವುದು ನಿದ್ದೆ. ಈ ಎರಡರ ನಡುವಣ ಅಂತರವನ್ನು ಅರಿಯದೆ ಸಿರಪ್ ಕುಡಿಸಿದರೆ ಸಮಸ್ಯೆಯ ಮೂಲ ಮರೆಯಾಗುವುದಲ್ಲದೆ, ಕೆಲವು ಸಂದರ್ಭಗಳಲ್ಲಿ ಮಗುವಿನ ಉಸಿರಿಗೇ ಸಂಚಕಾರ ಬರಬಹುದು.

ಎಳೆಯ ನಿದ್ದೆಯ ಸ್ವರೂಪ

ನಿದ್ದೆಯೆಂದರೆ ಮೆದುಳು ಸುಮ್ಮನೆ ಬಿದ್ದುಕೊಂಡಿರುವ ಸ್ಥಿತಿ ಎಂಬ ಹಳೆಯ ಕಲ್ಪನೆಯನ್ನು, 1953ರಲ್ಲಿ ಷಿಕಾಗೊ ವಿಶ್ವವಿದ್ಯಾಲಯದ ಯೂಜೀನ್ ಅಸೆರಿನ್‌ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಅವರು ಪ್ರಕಟಿಸಿದ ಸಂಶೋಧನೆ ಬುಡಮೇಲು ಮಾಡಿತು. ಮುಚ್ಚಿದ ರೆಪ್ಪೆಗಳ ಅಡಿಯಲ್ಲಿ ಕಣ್ಣುಗುಡ್ಡೆಗಳು ವೇಗವಾಗಿ ಚಲಿಸುವ, ಮೆದುಳು ಚುರುಕಾಗಿರುವ, ಕನಸುಗಳು ಹೇರಳವಾಗಿ ಮೂಡುವ ಒಂದು ಹಂತ ನಿದ್ದೆಯಲ್ಲಿ ಇದೆಯೆಂದು ಅವರು ತೋರಿಸಿಕೊಟ್ಟರು. ಅದನ್ನೇ ಇಂದು ರೆಮ್ ನಿದ್ದೆ ಎನ್ನಲಾಗುತ್ತದೆ. ಉಳಿದ ಭಾಗ ಹಗುರವಾದ ನಿದ್ದೆಯಿಂದ ಹಂತಹಂತವಾಗಿ ಗಾಢ ನಿದ್ದೆಗೆ ಇಳಿಯುವಂಥದ್ದು. ಇವೆಲ್ಲ ಸೇರಿ ಒಂದು ಸುತ್ತು; ದೊಡ್ಡವರಲ್ಲಿ ಆ ಸುತ್ತು ಸುಮಾರು 90 ನಿಮಿಷ, ಹಸುಗೂಸಿನಲ್ಲಿ ಸುಮಾರು 50ರಿಂದ 60 ನಿಮಿಷ. ಒಂದು ಸುತ್ತು ಮುಗಿದು ಮತ್ತೊಂದು ಆರಂಭವಾಗುವ ಸಂಧಿಯಲ್ಲಿ ಎಲ್ಲರೂ ಅರೆ ಎಚ್ಚರಗೊಳ್ಳುತ್ತಾರೆ, ದೊಡ್ಡವರು ಮಗ್ಗುಲು ಬದಲಿಸಿ ಹೊದಿಕೆ ಎಳೆದುಕೊಂಡು ಮತ್ತೆ ಮಲಗುವುದರಿಂದ ಅದು ಅವರಿಗೆ ನೆನಪಿರುವುದಿಲ್ಲ. ಸುತ್ತು ಚಿಕ್ಕದಾದಷ್ಟೂ ಇಂಥ ಸಂಧಿಗಳು ಹೆಚ್ಚು; ಆದ್ದರಿಂದ ಎಳೆಯ ಮಗು ರಾತ್ರಿ ಎಚ್ಚರಗೊಳ್ಳುವುದೇ ಒಂದು ರೋಗವಲ್ಲ.

ನಿದ್ದೆಯ ಹೊತ್ತನ್ನು ತೀರ್ಮಾನಿಸುವ ದೇಹದ ಗಡಿಯಾರವೂ ಹುಟ್ಟಿದ ಕೂಡಲೇ ಸಿದ್ಧವಾಗಿರುವುದಿಲ್ಲ. ಕತ್ತಲಾದಂತೆ ಮೆದುಳಿನ ಪೀನಿಯಲ್ ಗ್ರಂಥಿ ಸ್ರವಿಸುವ ಮೆಲಟೋನಿನ್ ಎಂಬ ಹಾರ್ಮೋನು ದೇಹಕ್ಕೆ ರಾತ್ರಿಯ ಸೂಚನೆ ಕೊಡುತ್ತದೆ. ಶಿಶುವಿನಲ್ಲಿ ಈ ಲಯ ಮೂಡುವುದು ಸುಮಾರು ಮೂರನೆಯ ತಿಂಗಳ ಹೊತ್ತಿಗೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಒಂದರಿಂದ ಎರಡು ವರ್ಷದ ಮಗುವಿಗೆ ಹಗಲು ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ಗಂಟೆ, ಮೂರು ನಾಲ್ಕು ವರ್ಷದ ಮಗುವಿಗೆ 10ರಿಂದ 13 ಗಂಟೆ ನಿದ್ದೆ ಬೇಕು. ಒಂದೇ ವಯಸ್ಸಿನ ಇಬ್ಬರು ಮಕ್ಕಳಿಗೆ ಮೂರು ಗಂಟೆಗಳ ವ್ಯತ್ಯಾಸವಿದ್ದರೂ ಇಬ್ಬರೂ ಆರೋಗ್ಯವಂತರೇ ಆಗಿರಬಹುದು. ಪಕ್ಕದ ಮನೆಯ ಮಗುವಿನ ನಿದ್ದೆಯನ್ನು ಅಳತೆಗೋಲಾಗಿಸಿಕೊಂಡು ಚಿಂತೆಗೆ ಬೀಳುವವರು ಇದನ್ನು ಗಮನಿಸಬೇಕು.

ಸಾಮಾನ್ಯ ನಿದ್ರಾ ಸಮಸ್ಯೆಗಳ ಬೇರು ಬಹುಮಟ್ಟಿಗೆ ಇರುವುದು ಮಗು ನಿದ್ದೆಗೆ ಜಾರುವ ರೀತಿಯಲ್ಲಿ. ಸೀರೆಯ ಜೋಲಿಯಲ್ಲಿ ತೂಗಿಸಿಕೊಳ್ಳುತ್ತಲೋ, ಬಾಯಲ್ಲಿ ಮೊಲೆ ಅಥವಾ ಹಾಲಿನ ಬಾಟಲಿ ಇಟ್ಟುಕೊಂಡೋ ನಿದ್ದೆಹೋದ ಮಗು, ನಡುರಾತ್ರಿಯ ಸಂಧಿಯಲ್ಲಿ ಅರೆಗಣ್ಣು ತೆರೆದಾಗ ತೂಗಾಟ ನಿಂತಿರುತ್ತದೆ, ಬಾಯಿ ಬರಿದಾಗಿರುತ್ತದೆ. ಮಲಗುವಾಗ ಇದ್ದದ್ದು ಈಗ ಇಲ್ಲವೆಂದು ಅದು ಅಳುತ್ತದೆ, ಅದೇ ಮತ್ತೆ ಸಿಕ್ಕ ಕ್ಷಣ ಸುಮ್ಮನಾಗುತ್ತದೆ. ಇದನ್ನು ನಿದ್ರಾ ಸಾಹಚರ್ಯದ ಸಮಸ್ಯೆ, ಅಂದರೆ ಹೊರಗಿನ ಒಂದು ಆಸರೆಯೊಂದಿಗೆ ನಿದ್ದೆ ಬೆಸೆದುಹೋದ ಸಮಸ್ಯೆ ಎನ್ನುತ್ತಾರೆ. ಎರಡು ವರ್ಷ ದಾಟಿದ ಮಕ್ಕಳಲ್ಲಿ ಇನ್ನೊಂದು ಬಗೆ ಹೆಚ್ಚು: ಇನ್ನೊಂದು ಲೋಟ ನೀರು, ಇನ್ನೊಂದು ಕಥೆ, ಇನ್ನೊಂದು ಸಲ ಬಚ್ಚಲು, ಕೊನೆಗೆ ಮೊಬೈಲಿನಲ್ಲಿ ಇನ್ನೊಂದು ವಿಡಿಯೊ ಎಂದು ಮಲಗುವ ಹೊತ್ತು ಹತ್ತು ನಿಮಿಷದಿಂದ ಹತ್ತು ನಿಮಿಷಕ್ಕೆ ಮುಂದೆ ಸರಿಯುತ್ತ ಹೋಗುತ್ತದೆ, ದೊಡ್ಡವರು ಒಂದು ಮಿತಿ ಹಾಕಿ ಅದಕ್ಕೆ ಅಂಟಿಕೊಳ್ಳದಿರುವುದೇ ಇದರ ಕಾರಣ. ಈ ಎರಡನ್ನೂ ಸೇರಿಸಿ ವೈದ್ಯಶಾಸ್ತ್ರ ಬಾಲ್ಯದ ವರ್ತನಾಧಾರಿತ ನಿದ್ರಾಹೀನತೆ ಎಂದು ಕರೆಯುತ್ತದೆ. ಕಲಿತ ಅಭ್ಯಾಸವನ್ನು ಬಿಡಿಸಿ ಬೇರೆ ಅಭ್ಯಾಸ ಕಲಿಸುವ ಶಕ್ತಿ ಯಾವ ಸಿರಪ್ಪಿಗೂ ಇಲ್ಲ ಎಂಬುದು ಈ ಹೆಸರಿನಲ್ಲೇ ಅಡಗಿದೆ.

ಮಲಗಿಸುವ ಮದ್ದುಗಳ ಇತಿಹಾಸ

ಮಗುವನ್ನು ಮದ್ದಿನಿಂದ ಮಲಗಿಸುವ ಆಸೆ ಇಂದಿನದಲ್ಲ, ಅದರ ಇತಿಹಾಸದ ಪುಟಗಳಲ್ಲಿ ದುಃಖವೇ ಹೆಚ್ಚು. ಅಮೆರಿಕದಲ್ಲಿ 1849ರಲ್ಲಿ ಮಾರುಕಟ್ಟೆಗೆ ಬಂದ ಮಿಸೆಸ್ ವಿನ್ಸ್‌ಲೋಸ್ ಸೂದಿಂಗ್ ಸಿರಪ್ ಹಲ್ಲು ಬರುವ ಶಿಶುಗಳನ್ನು ಶಾಂತಗೊಳಿಸುವ ಮದ್ದೆಂದು ದಶಕಗಳ ಕಾಲ ಮನೆಮನೆಗೆ ಹೋಯಿತು. ಅದರೊಳಗೆ ಇದ್ದದ್ದು ಮಾರ್ಫಿನ್. ಉಸಿರಾಟವನ್ನು ಕುಗ್ಗಿಸುವ ಈ ವಸ್ತುವಿನಿಂದ ಮಲಗಿದ ಶಿಶುಗಳು ಮತ್ತೆ ಏಳದೆ ಹೋದವು, ಅಮೆರಿಕನ್ ವೈದ್ಯಕೀಯ ಸಂಘ 1911ರಲ್ಲಿ ಅದನ್ನು ಶಿಶುಹಂತಕವೆಂದು ಖಂಡಿಸಿತು. ಭಾರತದಲ್ಲಿಯೂ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಮುಂಬೈಯ ಬಟ್ಟೆ ಗಿರಣಿಗಳಿಗೆ ದುಡಿಯಲು ಹೋಗುತ್ತಿದ್ದ ತಾಯಂದಿರು ಹಸುಗೂಸುಗಳಿಗೆ ಬಾಲಗೋಲಿ ಎಂಬ ಅಫೀಮಿನ ಗುಳಿಗೆ ತಿನ್ನಿಸುತ್ತಿದ್ದುದು ದಾಖಲಾಗಿದೆ. ಕೂಸನ್ನು ನೋಡಿಕೊಳ್ಳುವವರಿಲ್ಲದ, ರಜೆಯೂ ಸಿಗದ ದುಡಿಮೆ ಆ ಗುಳಿಗೆಯನ್ನು ಅವರ ಕೈಗೆ ಇತ್ತಿತ್ತು. ಮಗುವಿಗೆ ಮದ್ದು ಹಾಕುವ ಕೈಯ ಹಿಂದೆ ಬಹಳ ಸಲ ದಣಿದ, ಒಂಟಿಯಾದ ಒಬ್ಬ ಹೆಂಗಸು ಇರುತ್ತಾಳೆ ಎಂಬ ಸತ್ಯ ಇಂದಿಗೂ ಬದಲಾಗಿಲ್ಲ.

ಕರ್ನಾಟಕದ ಮನೆಗಳಲ್ಲಿ ಬಾಣಂತಿಯ ಕೋಣೆಯ ತೇಯುವ ಕಲ್ಲಿಗೂ ಈ ಪ್ರಸಂಗದಲ್ಲಿ ಒಂದು ಸ್ಥಾನವಿದೆ. ಬಜೆ, ಅಳಲೆಕಾಯಿ, ಮಾಚಿಕಾಯಿಗಳ ಜೊತೆಗೆ ಜಾಯಿಕಾಯಿಯನ್ನೂ ಕಲ್ಲಿನ ಮೇಲೆ ಎರಡು ಸುತ್ತು ತೇಯ್ದು, ಆ ಗಂಧವನ್ನು ಎದೆಹಾಲಿನಲ್ಲಿ ಕಲಸಿ ಬೆರಳಿನಿಂದ ಕೂಸಿಗೆ ನೆಕ್ಕಿಸುವುದು ಹಲವು ಕಡೆ ನಡೆದುಬಂದ ಪದ್ಧತಿ, ಜಾಯಿಕಾಯಿ ನಿದ್ದೆ ತರುತ್ತದೆಂಬ ನಂಬಿಕೆಯೂ ಅದರೊಂದಿಗಿದೆ. ಜಾಯಿಕಾಯಿಯಲ್ಲಿರುವ ಮಿರಿಸ್ಟಿಸಿನ್ ಎಂಬ ಅಂಶ ನರಮಂಡಲದ ಮೇಲೆ ಕೆಲಸ ಮಾಡುವಂಥದ್ದು, ಪ್ರಮಾಣ ಹೆಚ್ಚಾದರೆ ವಿಷವಾಗುವಂಥದ್ದು. ಅನುಭವಿ ಅಜ್ಜಿಯ ಎರಡು ಸುತ್ತು ಅವಸರದ ಕೈಯಲ್ಲಿ ಹತ್ತು ಸುತ್ತಾಗುವುದಕ್ಕೆ ತಡೆಯಿಲ್ಲ, ಕಲ್ಲಿಗೆ ಅಳತೆಯ ಗೆರೆಯೂ ಇಲ್ಲ. ಆರು ತಿಂಗಳವರೆಗೆ ಎದೆಹಾಲಲ್ಲದೆ ಬೇರೇನನ್ನೂ ಕೂಸಿನ ಬಾಯಿಗೆ ಹಾಕಬಾರದೆಂದು ಮಕ್ಕಳ ವೈದ್ಯರು ಹೇಳುವುದಕ್ಕೆ ಇದೂ ಒಂದು ಕಾರಣ.

ಇಂದಿನ ಔಷಧಗಳು ಮಾಡುವುದೇನು?

ಇಂದು ಮಗುವನ್ನು ಮಲಗಿಸಲು ಹೆಚ್ಚಾಗಿ ಬಳಕೆಯಾಗುವುದು ಅಲರ್ಜಿ ಮತ್ತು ನೆಗಡಿಗೆಂದು ತಯಾರಾದ ಹಳೆಯ ತಲೆಮಾರಿನ ಆಂಟಿಹಿಸ್ಟಮಿನ್‌ಗಳು. ಡೈಫೆನ್‌ಹೈಡ್ರಮಿನ್, ಪ್ರೊಮೆಥಜೀನ್, ಕ್ಲೋರ್‌ಫೆನಿರಮಿನ್ ಇವುಗಳಲ್ಲಿ ಮುಖ್ಯವಾದವು. ಹಿಸ್ಟಮಿನ್ ಎಂಬ ರಾಸಾಯನಿಕ ಮೂಗಿನಲ್ಲಿ ಸೀನು ತರಿಸುವಂತೆಯೇ ಮೆದುಳಿನಲ್ಲಿ ಎಚ್ಚರವನ್ನು ಕಾಯುತ್ತದೆ. ಈ ಔಷಧಗಳು ರಕ್ತದಿಂದ ಮೆದುಳಿನೊಳಗೆ ನುಸುಳಿ ಆ ಎಚ್ಚರವನ್ನು ತಗ್ಗಿಸುವುದರಿಂದ ಮಂಪರು ಬರುತ್ತದೆ. ಹಾಗೆ ಬಂದ ಮಂಪರು ರೆಮ್ ನಿದ್ದೆಯ ಪಾಲನ್ನು ಕಡಿಮೆ ಮಾಡುತ್ತದೆ, ಬೆಳಗಿನವರೆಗೂ ಮಬ್ಬಾಗಿ ಉಳಿಯುತ್ತದೆ, ಕೆಲವೇ ದಿನಗಳಲ್ಲಿ ದೇಹ ಅದಕ್ಕೆ ಒಗ್ಗಿಹೋಗಿ ಮೊದಲಿನ ಪರಿಣಾಮ ಇಲ್ಲವಾಗುತ್ತದೆ. ಇನ್ನು ಕೆಲವು ಮಕ್ಕಳಲ್ಲಿ ಪರಿಣಾಮ ತಿರುಗುಮುರುಗಾಗಿ, ಮಲಗಬೇಕಾದ ಮಗು ರಾತ್ರಿಯೆಲ್ಲ ಉದ್ರೇಕಗೊಂಡು ಕುಣಿಯುವುದೂ ಉಂಟು. ಅಮೆರಿಕದಲ್ಲಿ 6ರಿಂದ 15 ತಿಂಗಳ 44 ಶಿಶುಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಡೈಫೆನ್‌ಹೈಡ್ರಮಿನ್ನನ್ನು ಔಷಧವಿಲ್ಲದ ಸಿಹಿ ದ್ರವದೊಂದಿಗೆ ಹೋಲಿಸಿ ನೋಡಿತು. ರಾತ್ರಿ ಏಳುವುದನ್ನು ತಗ್ಗಿಸುವಲ್ಲಿ ಔಷಧದಿಂದ ಏನೂ ಪ್ರಯೋಜನ ಕಾಣದೆ ಅಧ್ಯಯನವನ್ನು ನಡುವಿನಲ್ಲೇ ನಿಲ್ಲಿಸಲಾಯಿತು.

ಪ್ರಯೋಜನ ಇಷ್ಟು ಅಲ್ಪವಾಗಿರುವಾಗ ಅಪಾಯದ ಲೆಕ್ಕ ಇನ್ನೂ ಬಿಗಿಯಾಗಿರಬೇಕಾಗುತ್ತದೆ. ಉಸಿರಾಟ ಕುಗ್ಗಿ ಮಕ್ಕಳು ಸತ್ತ ಪ್ರಕರಣಗಳ ಹಿನ್ನೆಲೆಯಲ್ಲಿ, ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರೊಮೆಥಜೀನ್ ಕೊಡಲೇಬಾರದೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2004ರಲ್ಲಿ ತನ್ನ ಅತ್ಯಂತ ಕಟುವಾದ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆ ಹಾಕಿಸಿತು. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆಸಿದ ನೆಗಡಿ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಭಾರತದ ಔಷಧ ನಿಯಂತ್ರಣ ಸಂಸ್ಥೆ 2023ರ ಡಿಸೆಂಬರಿನಲ್ಲಿ ಆದೇಶಿಸಿತು. ಹೋದ ಸಲ ನೆಗಡಿಯಾದಾಗ ತಂದು ಅರ್ಧ ಉಳಿದ ಬಾಟಲಿಯನ್ನು ಅಲಮಾರಿಯಿಂದ ತೆಗೆದು, ಅಳತೆಯ ಮುಚ್ಚಳ ಕಳೆದುಹೋಗಿದ್ದರಿಂದ ಅಡುಗೆಮನೆಯ ಚಮಚದಲ್ಲಿ ಅಂದಾಜಿನ ಮೇಲೆ ಕುಡಿಸುವ ರೂಢಿಯ ಅಪಾಯವನ್ನು ಈ ಹಿನ್ನೆಲೆಯಲ್ಲಿ ಅರಿಯಬೇಕು. ಒಂದು ಮನೆಯ ಚಮಚ ಮತ್ತೊಂದು ಮನೆಯ ಚಮಚದ ಎರಡರಷ್ಟು ಹಿಡಿಯಬಹುದು, ಹತ್ತು ಕಿಲೋ ತೂಕದ ದೇಹಕ್ಕೆ ಆ ವ್ಯತ್ಯಾಸ ದೊಡ್ಡದು.

ಭಾರತದ ಆಸ್ಪತ್ರೆಗಳಲ್ಲಿ ಪರಿಚಿತವಾದ ಮತ್ತೊಂದು ಔಷಧ ಟ್ರೈಕ್ಲೋಫಾಸ್. 1869ರಿಂದ ನಿದ್ರಾಜನಕವಾಗಿ ಬಳಕೆಗೆ ಬಂದ ಕ್ಲೋರಲ್ ಹೈಡ್ರೇಟಿನ ಕುಲಕ್ಕೆ ಸೇರಿದ ಇದಕ್ಕೆ ವೈದ್ಯಕೀಯದಲ್ಲಿ ಒಂದು ನಿಜವಾದ ಕೆಲಸವಿದೆ. ಅಪಸ್ಮಾರದ ಶಂಕೆಯಿಂದ ಮಗುವಿನ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆ ಮಾಡಬೇಕಾದರೆ, ನೆತ್ತಿಯ ತುಂಬ ತಂತಿಗಳನ್ನು ಅಂಟಿಸಿಕೊಂಡು ಮಗು ಅಲುಗಾಡದೆ ಮಲಗಿರಬೇಕು. ಆಗ ಮಗುವನ್ನು ತೂಗಿ, ತೂಕಕ್ಕೆ ತಕ್ಕಷ್ಟು ಸಿರಪ್ ಅಳೆದು ಕುಡಿಸಿ, ಬೆರಳಿಗೆ ಆಮ್ಲಜನಕ ಅಳೆಯುವ ಕ್ಲಿಪ್ ಹಾಕಿ, ಎಚ್ಚರವಾಗುವವರೆಗೆ ದಾದಿಯೊಬ್ಬರು ಕಣ್ಣಿಟ್ಟು ಕಾಯುತ್ತಾರೆ. ಅದೇ ಸಿರಪ್ ಮನೆಗೆ ಬಂದಾಗ ತೂಕವಿಲ್ಲ, ಕ್ಲಿಪ್ಪಿಲ್ಲ, ಕಾಯುವವರೂ ನಿದ್ದೆಗೆ ಹಾತೊರೆಯುತ್ತಿರುತ್ತಾರೆ. ಒಂದು ಗಂಟೆಯ ಪರೀಕ್ಷೆಗೆ ಸರಿಯಾದದ್ದು ದಿನನಿತ್ಯದ ರಾತ್ರಿಗೆ ಸರಿಯಾಗುವುದಿಲ್ಲ. ದೊಡ್ಡವರ ನಿದ್ದೆ ಮಾತ್ರೆಗಳ ವಿಷಯದಲ್ಲಂತೂ ಮಾತೇ ಬೇಡ: ಮಕ್ಕಳ ನಿದ್ರಾಹೀನತೆಗೆಂದು ಅಮೆರಿಕದ ಔಷಧ ಆಡಳಿತ ಯಾವ ಔಷಧಕ್ಕೂ ಅನುಮೋದನೆ ಕೊಟ್ಟಿಲ್ಲ.

ಮೆಲಟೋನಿನ್ ಎಂಬ ಹೊಸ ಭರವಸೆ

1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಆರನ್ ಲರ್ನರ್ ಅವರು ಹಸುಗಳ ಪೀನಿಯಲ್ ಗ್ರಂಥಿಗಳಿಂದ ಬೇರ್ಪಡಿಸಿದ ಮೆಲಟೋನಿನ್, ದೇಹದಲ್ಲೇ ಹುಟ್ಟುವ ವಸ್ತುವಾದ್ದರಿಂದ ನಿರಪಾಯವೆಂಬ ಭಾವನೆಯೊಂದಿಗೆ ಇಂದು ಮಾತ್ರೆ, ಹನಿ ಮತ್ತು ಹಣ್ಣಿನ ರುಚಿಯ ಗಮ್ಮಿಗಳ ರೂಪದಲ್ಲಿ ಮಾರಾಟವಾಗುತ್ತಿದೆ. ಅದು ಮಗುವನ್ನು ಕೆಡವಿ ಮಲಗಿಸುವ ಔಷಧವಲ್ಲ. ರಾತ್ರಿಯಾಯಿತೆಂದು ದೇಹದ ಗಡಿಯಾರಕ್ಕೆ ಹೇಳುವ ಸಂಕೇತ ಮಾತ್ರ. ಗಡಿಯಾರವೇ ಹಿಂದೆ ಬಿದ್ದಿರುವ ಮಗುವಿಗೆ ಸರಿಯಾದ ಹೊತ್ತಿನಲ್ಲಿ ಅಲ್ಪ ಪ್ರಮಾಣದಲ್ಲಿ ಕೊಟ್ಟರೆ ಅದು ನಿದ್ದೆಯನ್ನು ಮುಂಚಿತವಾಗಿ ತರಬಲ್ಲದು, ಆದರೆ ನಡುರಾತ್ರಿ ಎದ್ದು ಜೋಲಿ ಹುಡುಕುವ ಮಗುವಿಗೆ ಅದರಿಂದ ಹೆಚ್ಚೇನೂ ಆಗುವುದಿಲ್ಲ.

ಅಮೆರಿಕದಲ್ಲಿ ಮೆಲಟೋನಿನ್ ಔಷಧಗಳ ಕಟ್ಟುನಿಟ್ಟಿಗೆ ಒಳಪಡದೆ ಆಹಾರ ಪೂರಕವಾಗಿ ಅಂಗಡಿಗಳಲ್ಲಿ ಸಿಗುತ್ತದೆ, ಅದರ ಫಲವೂ ಅಲ್ಲಿಯೇ ಕಂಡಿದೆ. 2023ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ 25 ಬಗೆಯ ಗಮ್ಮಿಗಳನ್ನು ಪರೀಕ್ಷಿಸಿದಾಗ 22ರ ಲೇಬಲ್ ಒಳಗಿನ ಪ್ರಮಾಣಕ್ಕೆ ಹೊಂದಿರಲಿಲ್ಲ, ಒಂದರಲ್ಲಿ ಮೆಲಟೋನಿನ್ ಇರಲೇ ಇಲ್ಲ, ಮತ್ತೊಂದರಲ್ಲಿ ಹೇಳಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚಿತ್ತು. ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ವರದಿಯಾದ, ಮಕ್ಕಳು ಮೆಲಟೋನಿನ್ ನುಂಗಿದ ಪ್ರಕರಣಗಳು 2012ರಲ್ಲಿ 8,337 ಇದ್ದದ್ದು 2021ರಲ್ಲಿ 52,563ಕ್ಕೆ ಏರಿದವು. ಮಿಠಾಯಿಯಂತೆ ಕಾಣುವ ಔಷಧವನ್ನು ಮಗು ಮಿಠಾಯಿಯಂತೆಯೇ ತಿನ್ನುತ್ತದೆ. ವಿದೇಶದ ಬಂಧುಗಳ ಪೆಟ್ಟಿಗೆಯಲ್ಲಿ ಬಂದ ಗಮ್ಮಿಯ ಡಬ್ಬಿಯನ್ನೂ ಔಷಧವೆಂದೇ ಭಾವಿಸಿ ಎತ್ತರದ ಕಪಾಟಿನಲ್ಲಿ ಇಡಬೇಕು, ವೈದ್ಯರನ್ನು ಕೇಳದೆ ತೆರೆಯಬಾರದು.

ಮಂಪರಿನ ಅಡಿಯಲ್ಲಿ ಅಡಗುವ ರೋಗಗಳು

ನಿದ್ದೆ ಕೆಟ್ಟಿರುವುದು ಬೇರೊಂದು ಕಾಯಿಲೆಯ ಸೂಚನೆಯಾಗಿದ್ದಾಗ ಮಂಪರಿನ ಔಷಧ ನಿಷ್ಪ್ರಯೋಜಕವಾಗುವುದಷ್ಟೇ ಅಲ್ಲ, ಕೇಡನ್ನೂ ಮಾಡುತ್ತದೆ. ಮೂಗಿನ ಹಿಂಭಾಗದ ಅಡಿನಾಯ್ಡ್ ಮತ್ತು ಗಂಟಲಿನ ಟಾನ್ಸಿಲ್ ಗ್ರಂಥಿಗಳು ಊದಿಕೊಂಡ ಮಗು ದಿನವೂ ಗೊರಕೆ ಹೊಡೆಯುತ್ತದೆ, ಬಾಯಿ ತೆರೆದು ಉಸಿರಾಡುತ್ತದೆ, ಬೆವರಿ ಹೊರಳಾಡುತ್ತದೆ, ಕೆಲವು ಕ್ಷಣ ಅದರ ಉಸಿರೇ ನಿಂತು ಮತ್ತೆ ಗಕ್ಕನೆ ಆರಂಭವಾಗುತ್ತದೆ. ಇದು ನಿದ್ದೆಯಲ್ಲಿ ಉಸಿರು ಕಟ್ಟುವ ರೋಗ; ಪ್ರತಿ ಸಲ ಉಸಿರು ನಿಂತಾಗ ಮೆದುಳು ಮಗುವನ್ನು ಎಬ್ಬಿಸಿ ಕಾಪಾಡುತ್ತದೆ. ಆ ಮಗುವಿಗೆ ನಿದ್ದೆಯ ಸಿರಪ್ ಕುಡಿಸಿದರೆ ಗಂಟಲಿನ ಸ್ನಾಯುಗಳು ಇನ್ನಷ್ಟು ಸಡಿಲಗೊಳ್ಳುತ್ತವೆ, ಕಾಪಾಡುವ ಎಚ್ಚರವೂ ಮಂಕಾಗುತ್ತದೆ. ಗೊರಕೆಯನ್ನು ಗಾಢ ನಿದ್ದೆಯ ಗುರುತೆಂದು ತಿಳಿದು ಸಂತೋಷಪಡುವ ಮನೆಯವರು ಈ ಒಂದು ವಿಷಯದಲ್ಲಿ ವೈದ್ಯರನ್ನು ಕಾಣಲು ತಡಮಾಡಬಾರದು.

ರಕ್ತಹೀನತೆಯ ಕಥೆ ಇನ್ನೂ ವ್ಯಾಪಕವಾದದ್ದು. ದೇಹದಲ್ಲಿ ಕಬ್ಬಿಣದ ಸಂಗ್ರಹ ಕುಗ್ಗಿದಾಗ ಮೆದುಳಿನ ಡೋಪಮಿನ್ ವ್ಯವಸ್ಥೆ ಏರುಪೇರಾಗಿ, ಸಂಜೆಯಾದಂತೆ ಕಾಲುಗಳಲ್ಲಿ ಹೇಳಲಾಗದ ಸಂಕಟ ಹುಟ್ಟುತ್ತದೆ. ಮಾತು ಬಾರದ ಮಗು ಕಾಲು ಒದೆಯುತ್ತದೆ, ಉಜ್ಜಿಕೊಳ್ಳುತ್ತದೆ, ಹಾಸಿಗೆಯಿಂದ ಹಾಸಿಗೆಗೆ ಉರುಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 67.1ರಷ್ಟು ಮಂದಿಗೆ ರಕ್ತಹೀನತೆಯಿದೆ. ಹೀಗಿರುವ ದೇಶದಲ್ಲಿ ಹೊರಳಾಡುವ ಮಗುವಿನ ರಕ್ತದಲ್ಲಿ ಫೆರಿಟಿನ್, ಅಂದರೆ ಕಬ್ಬಿಣದ ಸಂಗ್ರಹವನ್ನು ತೋರಿಸುವ ಅಂಶವನ್ನು ಪರೀಕ್ಷಿಸದೆ ನಿದ್ದೆಯ ಮದ್ದು ಕೊಡುವುದು ಆ ಮಗುವಿಗೆ ಮಾಡುವ ಅನ್ಯಾಯ. ಅಂಥ ಮಗುವಿಗೆ ನಿದ್ದೆ ತರುವುದು ವೈದ್ಯರು ಅಳೆದು ಬರೆದುಕೊಟ್ಟ ಕಬ್ಬಿಣದ ಸಿರಪ್. ರಾತ್ರಿ ಗುದದ್ವಾರದಲ್ಲಿ ತುರಿಸುವ ಸಣ್ಣ ಜಂತುಹುಳು, ಚರ್ಮದ ಇಸುಬು, ಉಬ್ಬಸದ ಕೆಮ್ಮು, ಕಿವಿನೋವು ಇವೂ ಇದೇ ಸಾಲಿನಲ್ಲಿ ಬರುತ್ತವೆ. ಪ್ರತಿಯೊಂದಕ್ಕೂ ಅದರದೇ ಚಿಕಿತ್ಸೆಯಿದೆ.

ಮನೆಮಂದಿಯನ್ನು ಅತಿಯಾಗಿ ಹೆದರಿಸುವ ಮತ್ತೊಂದು ಸ್ಥಿತಿ, ಮಗು ಮಲಗಿದ ಒಂದೆರಡು ಗಂಟೆಗಳಲ್ಲಿ ಬೆಚ್ಚಿಬಿದ್ದು, ಕಣ್ಣು ತೆರೆದೇ ಕಿರುಚುತ್ತ, ತಾಯಿಯನ್ನೂ ಗುರುತಿಸದೆ ತಳ್ಳುವುದು. ದೃಷ್ಟಿ ತಾಗಿದೆ, ಗಾಳಿ ಸೋಕಿದೆ ಎಂದು ಭಾವಿಸಲಾಗುವ ಇದು ಗಾಢ ನಿದ್ದೆಯಿಂದ ಮೆದುಳಿನ ಒಂದು ಭಾಗ ಮಾತ್ರ ಎಚ್ಚರಗೊಂಡ ಸ್ಥಿತಿ. ಬೆಳಗಿನ ಜಾವ ಬರುವ, ಮಗುವಿಗೆ ನೆನಪಿರುವ ಕೆಟ್ಟ ಕನಸಿಗಿಂತ ಇದು ಬೇರೆ. ಬಿದ್ದು ಪೆಟ್ಟಾಗದಂತೆ ನೋಡಿಕೊಂಡು, ಅಲುಗಾಡಿಸಿ ಎಬ್ಬಿಸದೆ ಕಾದರೆ ಕೆಲವು ನಿಮಿಷಗಳಲ್ಲಿ ಅದು ತಾನಾಗಿ ಇಳಿಯುತ್ತದೆ, ಬೆಳೆದಂತೆ ಬಹುತೇಕ ಮಕ್ಕಳಲ್ಲಿ ನಿಂತುಹೋಗುತ್ತದೆ. ದಿನವೂ ಒಂದೇ ಹೊತ್ತಿಗೆ ಬರುತ್ತಿದ್ದರೆ ಅದಕ್ಕಿಂತ 15ರಿಂದ 30 ನಿಮಿಷ ಮೊದಲು ಮಗುವನ್ನು ಮೆಲ್ಲಗೆ ಮುಟ್ಟಿ ಅರೆ ಎಚ್ಚರಗೊಳಿಸಿ ಮತ್ತೆ ಮಲಗಿಸುವುದು ಉಪಯುಕ್ತ ವಿಧಾನ.

ಔಷಧಕ್ಕೆ ಸಲ್ಲುವ ಸ್ಥಾನ

ಇಷ್ಟೆಲ್ಲ ಹೇಳಿದ ಮೇಲೂ ಔಷಧಕ್ಕೆ ಸ್ಥಾನವೇ ಇಲ್ಲವೆನ್ನುವುದು ಸತ್ಯವಾಗಲಾರದು. ಆಟಿಸಂ ಇರುವ ಮಕ್ಕಳಲ್ಲಿ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆ ಇರುವವರಲ್ಲಿ, ಮೆದುಳಿನ ಬೆಳವಣಿಗೆಯ ಕೆಲವು ವಂಶವಾಹಿ ಕಾಯಿಲೆಗಳಲ್ಲಿ ನಿದ್ದೆಯ ಲಯವೇ ತಪ್ಪಿರುತ್ತದೆ. ಅಂಥ ಮನೆಗಳಲ್ಲಿ ಎಷ್ಟೇ ಶಿಸ್ತಿನ ದಿನಚರಿ ಇಟ್ಟುಕೊಂಡರೂ ಮಗು ರಾತ್ರಿಯೆಲ್ಲ ಎಚ್ಚರವಾಗಿರುವುದುಂಟು. ಆಟಿಸಂ ಇರುವ ಎರಡು ವರ್ಷ ಮೇಲ್ಪಟ್ಟ ಮಕ್ಕಳಿಗೆ, ಅಭ್ಯಾಸದ ಕ್ರಮಗಳು ಸಾಲದೆ ಬಂದಾಗ ಬಳಸಲು, ನಿಧಾನವಾಗಿ ಬಿಡುಗಡೆಯಾಗುವ ಮೆಲಟೋನಿನ್ ಮಾತ್ರೆಗೆ ಯುರೋಪಿನಲ್ಲಿ 2018ರಲ್ಲಿ ಅನುಮೋದನೆ ದೊರೆತದ್ದು ಈ ಕಾರಣಕ್ಕೆ. ಇಂಥ ಮಕ್ಕಳ ತಂದೆತಾಯಂದಿರು ಔಷಧವನ್ನು ಸೋಲೆಂದು ಭಾವಿಸಬೇಕಾಗಿಲ್ಲ. ಆದರೆ ಅಲ್ಲಿಯೂ ಮೊದಲು ಅಭ್ಯಾಸ ತಿದ್ದುವ ಪ್ರಯತ್ನ, ಆಮೇಲೆ ತಜ್ಞರ ಬರಹದಂತೆ ಕನಿಷ್ಠ ಪ್ರಮಾಣ, ನಿಲ್ಲಿಸುವ ದಿನಾಂಕವನ್ನು ಮೊದಲೇ ಗೊತ್ತುಮಾಡಿದ ಅವಧಿ, ನಡುನಡುವೆ ಮರುಪರೀಕ್ಷೆ ಎಂಬ ಕ್ರಮ ತಪ್ಪಬಾರದು.

ಔಷಧವಿಲ್ಲದೆ ಬರುವ ನಿದ್ದೆ

ಉಳಿದ ಬಹುಸಂಖ್ಯೆಯ ಮಕ್ಕಳ ವಿಷಯದಲ್ಲಿ ಸಾಕ್ಷ್ಯ ಒಂದೇ ದಿಕ್ಕಿಗೆ ಕೈತೋರುತ್ತದೆ. ವರ್ತನೆಯನ್ನು ತಿದ್ದುವ ಚಿಕಿತ್ಸೆಗಳ ಕುರಿತ 52 ಅಧ್ಯಯನಗಳನ್ನು 2006ರಲ್ಲಿ ಒಟ್ಟಾಗಿ ಪರಿಶೀಲಿಸಿದಾಗ, ಚಿಕಿತ್ಸೆ ಪಡೆದ ಮಕ್ಕಳಲ್ಲಿ ಶೇ. 80ಕ್ಕೂ ಹೆಚ್ಚು ಮಂದಿಯ ನಿದ್ದೆ ಗಮನಾರ್ಹವಾಗಿ ಸುಧಾರಿಸಿದ್ದು ಕಂಡಿತು. ಹೀಗೆ ಕಲಿಸುವುದರಿಂದ ಮಗುವಿನ ಮನಸ್ಸಿಗೆ ಗಾಯವಾಗುತ್ತದೆಯೇ ಎಂಬ ಅಂಜಿಕೆಗೂ ಉತ್ತರವಿದೆ. ಆಸ್ಟ್ರೇಲಿಯಾದಲ್ಲಿ ಶೈಶವದಲ್ಲಿ ಇಂಥ ಚಿಕಿತ್ಸೆಗೆ ಒಳಗಾದ ಮಕ್ಕಳನ್ನು ಆರನೆಯ ವಯಸ್ಸಿನಲ್ಲಿ ಪರೀಕ್ಷಿಸಿ 2012ರಲ್ಲಿ ಪ್ರಕಟಿಸಿದ ವರದಿ, ಅವರ ಭಾವನೆ, ನಡವಳಿಕೆ ಮತ್ತು ತಾಯಿಯೊಂದಿಗಿನ ಬಾಂಧವ್ಯದಲ್ಲಿ ಯಾವ ಹಾನಿಯನ್ನೂ ಕಾಣಲಿಲ್ಲ.

ಇದರ ವಿಧಾನ ಸರಳ, ಆದರೆ ಹಟ ಬೇಡುವಂಥದ್ದು. ಬೆಳಗ್ಗೆ ಏಳುವ ಹೊತ್ತನ್ನು ರಜೆಯ ದಿನವೂ ಬದಲಿಸದಿರುವುದು, ಹಗಲು ನಿದ್ದೆ ಇಳಿಹೊತ್ತಿಗೆ ಚಾಚದಂತೆ ನೋಡಿಕೊಳ್ಳುವುದು, ಮಲಗುವ ಒಂದು ಗಂಟೆ ಮೊದಲು ಟಿವಿ ಮತ್ತು ಮೊಬೈಲ್ ಆರಿಸಿ ದೀಪ ತಗ್ಗಿಸುವುದು, ಬಿಸಿನೀರಿನ ಸ್ನಾನ, ಊಟ, ಹಲ್ಲುಜ್ಜುವುದು, ಒಂದು ಕಥೆ ಅಥವಾ ಜೋಗುಳ, ಆಮೇಲೆ ಹಾಸಿಗೆ ಎಂಬ ಕ್ರಮವನ್ನು ದಿನವೂ ಅದೇ ಸಾಲಿನಲ್ಲಿ ನಡೆಸುವುದು ಅದರ ಅಡಿಪಾಯ. ಮಗುವಿಗೆ ಜೊಂಪು ಹತ್ತಿದ ಮೇಲೆ, ಆದರೆ ಪೂರ್ತಿ ನಿದ್ದೆ ಬರುವ ಮೊದಲು ತೋಳಿನಿಂದ ಹಾಸಿಗೆಗೆ ಇಳಿಸಬೇಕು. ಆಗ ಅದು ತೂಗಾಟವಿಲ್ಲದೆ ನಿದ್ದೆಗೆ ಜಾರುವುದನ್ನು ಕಲಿಯುತ್ತದೆ, ನಡುರಾತ್ರಿಯ ಸಂಧಿಯಲ್ಲೂ ಅದೇ ವಿದ್ಯೆಯನ್ನು ಬಳಸುತ್ತದೆ. ಹತ್ತೂವರೆಗೆ ಮಲಗುವ ಮಗುವನ್ನು ಎಂಟಕ್ಕೇ ಮಲಗಿಸಲು ಹೆಣಗುವ ಬದಲು, ಮೊದಲು ಹತ್ತೂವರೆಯನ್ನೇ ಒಪ್ಪಿಕೊಂಡು, ಕೆಲವು ದಿನಗಳಿಗೊಮ್ಮೆ 15 ನಿಮಿಷದಂತೆ ಹಿಂದಕ್ಕೆ ತರುವುದು ಕಣ್ಣೀರಿಲ್ಲದ ದಾರಿ. ಭಾರತೀಯ ಮನೆಗಳಲ್ಲಿರುವಂತೆ ಮಗು ತಂದೆತಾಯಿಯ ಕೋಣೆಯಲ್ಲೇ ಮಲಗುವುದು ಇದಕ್ಕೆ ಅಡ್ಡಿಯಲ್ಲ. ಪಕ್ಕದಲ್ಲಿದ್ದುಕೊಂಡೇ ಎತ್ತಿಕೊಳ್ಳದೆ, ಬೆನ್ನ ಮೇಲೆ ಕೈಯಿಟ್ಟು, ದಿನದಿನಕ್ಕೂ ಆ ಆಸರೆಯನ್ನು ತಗ್ಗಿಸಬಹುದು. ಮೊದಲ ಮೂರು ನಾಲ್ಕು ರಾತ್ರಿ ಅಳು ಹೆಚ್ಚಾಗುವುದು ಸಹಜ. ಆ ಹಂತದಲ್ಲಿ ಅಜ್ಜಿ ಒಂದು ನಿಯಮ, ಅಪ್ಪ ಇನ್ನೊಂದು ನಿಯಮ ಹಿಡಿದರೆ ಮಗು ಕಲಿಯುವುದು ಹೆಚ್ಚು ಹೊತ್ತು ಅಳುವುದನ್ನು ಮಾತ್ರ.

ಇದೆಲ್ಲಕ್ಕೂ ಮುಂಚೆ ಬೇಕಾದದ್ದು ಅಗ್ಗದ ಒಂದು ಪೆನ್ನು ಮತ್ತು ಒಂದು ನೋಟುಬುಕ್ಕು. ಎರಡು ವಾರಗಳ ಕಾಲ ಮಗು ಮಲಗಿದ ಹೊತ್ತು, ಎದ್ದ ಹೊತ್ತು, ಹಗಲು ನಿದ್ದೆ, ಗೊರಕೆ, ಹೊರಳಾಟ, ಎದ್ದಾಗ ಏನು ಕೊಟ್ಟರೆ ಸುಮ್ಮನಾಯಿತು ಎಂಬುದನ್ನು ಬರೆದಿಟ್ಟುಕೊಂಡು ವೈದ್ಯರ ಬಳಿ ಹೋದರೆ, ಸಿರಪ್ ಬೇಕೋ, ರಕ್ತಪರೀಕ್ಷೆ ಬೇಕೋ, ಜೋಲಿಯ ಅಭ್ಯಾಸ ಬಿಡಿಸಿದರೆ ಸಾಕೋ ಎಂಬ ಉತ್ತರದ ಬಹುಭಾಗ ಆ ಹಾಳೆಗಳಲ್ಲೇ ಇರುತ್ತದೆ. ಬರೆಯುವವರು ಮತ್ತು ರಾತ್ರಿ ಎದ್ದು ಕೂರುವವರು ಸರದಿಯ ಮೇಲೆ ಬದಲಾಗುವುದು ಅಷ್ಟೇ ಮುಖ್ಯ. ವಾರದಲ್ಲಿ ಎರಡು ರಾತ್ರಿ ತಂದೆಯೋ ಅಜ್ಜಿಯೋ ಮಗುವನ್ನು ವಹಿಸಿಕೊಂಡು ತಾಯಿಗೆ ಬೆಳಗಿನವರೆಗೆ ಮುರಿಯದ ನಿದ್ದೆ ಸಿಗುವಂತೆ ಮಾಡಿದರೆ, ಸಿರಪ್ಪಿಗಾಗಿ ಕೈಚಾಚಿಸುವ ಆ ದಣಿವಿಗೇ ಚಿಕಿತ್ಸೆ ದೊರೆತಂತಾಗುತ್ತದೆ.